ನಿಧಾನದ ಅಕ್ಷರಗಳು

ಹುಕ್ಕೇರಿಯ ನನ್ನ ಹವ್ಯಾಸದ ಹ್ಯಾಮ್ ರೇಡಿಯೊಗೆ ಚಂದ್ರನ ಮೇಲೆ ಯಾರು ಕೆಮ್ಮಿದರೂ ಕೇಳಿಸುತ್ತಿತ್ತು! ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅಕ್ಷರ ಕಳಿಸಲು ನಾನು ಬಿರುಸಿನ ಮೋಡ್ ಆರಿಸಿದರೆ, ಮೂಡಲಗಿಯ ಗೆಳೆಯ ದುಂಡೇಶ ತೀರಾ ನಿಧಾನದ್ದನ್ನೇ ಆರಿಸುತ್ತಿದ್ದ. ಪರದೆಯ ಮೇಲೆ ಒಂದೊಂದು ಅಕ್ಷರ ಮೂಡುವಷ್ಟರಲ್ಲಿ ಒಂದೊಂದು ಚಹಾ ಮುಗಿಯುತ್ತಿತ್ತು.

"ಸೋತ ದನಿ ದೂರ ಮುಟ್ಟೂದು ಇದ್ರಾಗ ಅಷ್ಟ, ಲೇ" ಎನ್ನುತ್ತಿದ್ದ.

ಅವನು ತೀರಿಕೊಂಡ ಮೇಲೆ ಹೆಂಡತಿ ಶೆಟ್ಟೆವ್ವ ನನ್ನನ್ನು ಕರೆಸಿದಳು. "ಆ ತಂತಿ ನೋಡಿದ್ರ ಕರುಳು ಕಿತ್ತ ಬರತೈತಿ. ಬಿಚ್ಚಿ ಒಯ್ರಿ, ಅಣ್ಣಾರ."

ಮಧ್ಯಾಹ್ನ ಮಾಳಿಗೆಯ ಆಂಟೆನಾ ತಂತಿ ಬಿಚ್ಚಿ ಹೆಗಲಿಗೇರಿಸಿದೆ. ಉರಿಬಿಸಿಲಿನಲ್ಲೂ ಅದು ತಣ್ಣಗಿತ್ತು. ಒಳಗೆ, ಅವನು ಹೋದಾಗಿನಿಂದ ಯಾರೂ ಮುಟ್ಟದ ರೇಡಿಯೊ ಸಣ್ಣಗೆ ಗುಂಯ್‌ಗುಟ್ಟುತ್ತಿತ್ತು. ಅದರ ಪರದೆಯ ಮೇಲೆ "ಊಟ ಆ" ಎಂದು ಮೂಡಿತ್ತು. ಎಲ್ಲೇ ಇದ್ದರೂ ಈ ಹೊತ್ತಿಗೆ ಅವನು ಹೆಂಡತಿಗೆ ಫೋನ್ ಮಾಡಿ ಕೇಳುತ್ತಿದ್ದುದು ಅದನ್ನೇ: ಊಟ ಆತೇನ?

"ತಡೀರಿ, ಅವರು ಕೇಳಿ ಮುಗಸ್ಲಿ" ಎಂದು ಶೆಟ್ಟೆವ್ವ ಪರದೆಯ ಮುಂದೆ ಕೂತಳು.

ಮುಂದಿನ ಅಕ್ಷರ ಮೂಡತೊಡಗಿತು. ತಂತಿ ನನ್ನ ಹೆಗಲ ಮೇಲೆಯೇ ಇತ್ತು.