ಐವತ್ತು ಹೊಸ ಕೆಲಸಗಾರರು

ಟೀವಿ ಚರ್ಚೆಯಲ್ಲಿ ಆಡಿದ ಮಾತು ತನ್ನ ಕೊರಳಿಗೇ ಸುತ್ತಿಕೊಂಡೀತೆಂದು ಛತ್ರಿ ಸಾಹುಕಾರ ಕನಸಿನಲ್ಲೂ ಎಣಿಸಿರಲಿಲ್ಲ. ಛತ್ರಿ ಕಾರ್ಖಾನೆ ಇರುವುದರಿಂದಲೇ ಜನ ತನ್ನನ್ನು ಹಾಗೆ ಕರೆಯುತ್ತಾರೆಂದು ಪಾಪ, ಅವನು ನಂಬಿದ್ದ.

"ನಮ್ಮಂಥ ಕಂಪನಿಗಳ ತೆರಿಗೆ ಇಳಿಸಿ ನೋಡಿ ಸ್ವಾಮಿ, ಆ ದುಡ್ಡಲ್ಲಿ ಜನಕ್ಕೆ ಕೆಲಸ ಕೊಡ್ತೀವಿ," ಎಂದು ಮೇಜು ಕುಟ್ಟಿ ವಾದಿಸಿದ್ದ. ಎದುರಿಗಿದ್ದ ಪ್ರೊಫೆಸರಮ್ಮ ತಣ್ಣಗೆ, "ಮೊದ್ಲು ಕೆಲಸ ಕೊಡ್ಲಿ, ಆಮೇಲೆ ಇಳಿಸೋಣ," ಎಂದುಬಿಟ್ಟರು. ಸರ್ಕಾರಕ್ಕೆ ಇಬ್ಬರ ಮಾತೂ ಹಿಡಿಸಿತು. ಐವತ್ತು ಜನರನ್ನು ಹೊಸದಾಗಿ ಸೇರಿಸಿಕೊಂಡ ಕಂಪನಿಗೆ ಅರ್ಧ ತೆರಿಗೆ ಮಾಫಿ. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ ಜೈಲು.

ಅರ್ಧ ತೆರಿಗೆ! ನೆನೆದರೇ ಸಾಹುಕಾರನ ಬಾಯಲ್ಲಿ ನೀರೂರುತ್ತಿತ್ತು. ಐವತ್ತು ಜನಕ್ಕೆ ತಿಂಗಳು ತಿಂಗಳೂ ಸಂಬಳ ಎಂದರೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅಧಿಕಾರಿ ತಪಾಸಣೆಗೆ ಬರುವುದು ಒಂದೇ ದಿನ ತಾನೆ? ಹಾಗಾದರೆ ಕೆಲಸಗಾರರೂ ಒಂದೇ ದಿನಕ್ಕೆ ಸಾಕು.

ಬೀದಿಯಲ್ಲಿ ಹೋಗುವವರನ್ನು ಕರೆತಂದು ನಿಲ್ಲಿಸುವಷ್ಟು ದಡ್ಡನಲ್ಲ ಅವನು. ಅಂಥವರು ಒಂದು ಪ್ರಶ್ನೆಗೇ ತಬ್ಬಿಬ್ಬಾಗುತ್ತಾರೆ. ಅವನು ಪರವೂರಿನ ಒಂದು ನಾಟಕ ಕಂಪನಿಯನ್ನೇ ಇಡಿಯಾಗಿ ಗೊತ್ತುಮಾಡಿದ. ರಾಜ, ರಾಣಿ, ವಿದೂಷಕ, ಸೈನಿಕರು ಎಲ್ಲರೂ ಬಂದಿಳಿದರು. ಬಟ್ಟೆ ಕತ್ತರಿಸುವುದು, ಕಡ್ಡಿಗೆ ಹೊಲಿಯುವುದು, ಹಿಡಿ ಕೂರಿಸುವುದು ಕಲಿಸಿದ. ಸಮವಸ್ತ್ರ ಹೊಚ್ಚ ಹೊಸದಾಗಿ ಕಂಡರೆ ಅನುಮಾನ ಬಂದೀತೆಂದು ತಾನೇ ಕೂತು ಎಣ್ಣೆ ಮೆತ್ತಿದ. ಬೆರಳಿಗೆ ಸೂಜಿ ಚುಚ್ಚಿದ ಗುರುತನ್ನೂ ಬಣ್ಣದಲ್ಲಿ ಹಾಕಿಸಿದ. ಮಾಲೀಕನನ್ನು ಬೆನ್ನ ಹಿಂದೆ ಹೇಗೆ ಬೈಯಬೇಕೆಂದು ಸಹ ಹೇಳಿಕೊಟ್ಟ.

"ರೀ, ಇಷ್ಟು ಚೆನ್ನಾಗಿ ಕಲ್ತಿದ್ದಾರಲ್ಲ, ಇವರನ್ನೇ ಇಟ್ಕೊಂಡ್ರೆ ಆಗಲ್ವಾ?" ಎಂದಳು ಹೆಂಡತಿ.

"ನಿಂಗೆ ವ್ಯಾಪಾರ ಗೊತ್ತಾಗಲ್ಲ, ಸುಮ್ನಿರು."

ತೆರಿಗೆ ಇಲಾಖೆಯ ಅಧಿಕಾರಿ ಮೇಡಂ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಮೇಜಿನಿಂದ ಮೇಜಿಗೆ ನಡೆದರು. ರಾಣಿ ತಲೆಯೆತ್ತದೆ ಹೊಲಿದಳು. ಸೈನಿಕರು ಬೆವರು ಒರೆಸಿಕೊಂಡರು. "ಓವರ್‌ಟೈಮ್ ಕೇಳಿದ್ರೆ ಗುರ್ ಅಂತಾನೆ ಪುಣ್ಯಾತ್ಮ," ಎಂದು ವಿದೂಷಕ ಗೊಣಗಿದಾಗ ಮೇಡಂ ಮುಖದಲ್ಲಿದ್ದ ಕೊನೆಯ ಅನುಮಾನವೂ ಹೋಯಿತು. ಸಾಹುಕಾರನ ಎದೆ ಉಬ್ಬಿತು. ಇನ್ನು ಒಂದು ಸಹಿ ಬಿದ್ದರೆ ಆಯಿತು.

"ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡೋರನ್ನ ನಾನೆಲ್ಲೂ ನೋಡಿಲ್ಲಪ್ಪ!" ಎಂದು ಮೇಡಂ ಮನಸಾರೆ ಚಪ್ಪಾಳೆ ತಟ್ಟಿದರು.

ನಾಟಕದವರಿಗೆ ಏನೇನೋ ಕಲಿಸಿದ್ದ ಸಾಹುಕಾರ, ಅವರು ಮೊದಲೇ ಕಲಿತು ಬಂದದ್ದನ್ನು ಮರೆಸಿರಲಿಲ್ಲ. ಚಪ್ಪಾಳೆ ಕಿವಿಗೆ ಬಿದ್ದದ್ದೇ ತಡ, ಐವತ್ತೂ ಜನ ಕೈಯಲ್ಲಿದ್ದ ಛತ್ರಿ ಕೆಳಗಿಟ್ಟು, ಕೈಕೈ ಹಿಡಿದು ಸಾಲಾಗಿ ನಿಂತು, ಸೊಂಟ ಬಗ್ಗಿಸಿ ವಂದಿಸಿದರು. ರಾಜ ಮಾತ್ರ ಒಂದು ಹೆಜ್ಜೆ ಮುಂದೆ ಬಂದು ಇನ್ನೊಮ್ಮೆ ವಂದಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಈ ಪ್ರಯೋಗಕ್ಕೆ ದುಡ್ಡು ಹಾಕಿದ ನಮ್ಮ ಸಾಹುಕಾರರು!" ಎಂದು ಅವನ ಕೈ ಹಿಡಿದು ಮೇಡಂ ಎದುರಿಗೆ ಎಳೆದು ನಿಲ್ಲಿಸಿದ.