ಯಾರಿಗೂ ಬಗ್ಗದ ಹತ್ತು ಸಾವಿರದ ಒಂದು

"ಹತ್ರ ಬರಬೇಡ! ಒಂಬತ್ತಕ್ಕೆ ನಾನು ಸಿಗಲ್ಲ. ಎರಡು ಉಳಿಯುತ್ತೆ, ಹೋಗು!"

ಒಂಬತ್ತರ ಚೀಟಿ ಹಾಕಿಕೊಂಡಿದ್ದ ಹುಡುಗ ಮುಖ ಚಿಕ್ಕದು ಮಾಡಿಕೊಂಡು ಹೊರಟ. ನಿನ್ಕೆ ಶಾಲೆಯ ಅಂಗಳದಲ್ಲಿ ಎದೆಯುಬ್ಬಿಸಿ ನಿಂತಳು. ಅವಳ ಕೊರಳಿನ ರಟ್ಟಿನ ಮೇಲೆ ದೊಡ್ಡದಾಗಿ 10001 ಎಂದಿತ್ತು.

ಅದು ಗಣಿತದ ದಿನದ ಆಟ. ನಿಮ್ಮ ಸಂಖ್ಯೆ ಇನ್ನೊಬ್ಬರ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸಿದರೆ ಅವರ ಜಾಕೆಟ್ಟಿಗೆ ಜೋತುಬೀಳಬಹುದು. ಅವರು ನಿಮ್ಮನ್ನು ಎಳೆದುಕೊಂಡು ಅಂಗಳ ಸುತ್ತಬೇಕು. ಯಾರ ಕೈಗೂ ಸಿಗದ ಮಕ್ಕಳಲ್ಲಿ ಅತಿ ದೊಡ್ಡ ಸಂಖ್ಯೆಯವರಿಗೆ ಮೊದಲ ಬಿಸಿ ಪ್ಯಾನ್‌ಕೇಕ್. ಒಂದನ್ನು ಮಾತ್ರ ಯಾರೂ ಆರಿಸುವಂತಿಲ್ಲ.

ಹೋದ ವರ್ಷ ನಿನ್ಕೆ ಅರವತ್ತನ್ನು ಆರಿಸಿ ಕೆಟ್ಟಿದ್ದಳು. ಎರಡು, ಮೂರು, ನಾಲ್ಕು, ಐದು, ಆರು, ಎಲ್ಲರೂ ಜೋತುಬಿದ್ದು ಜಾಕೆಟ್ಟಿನ ತೋಳೇ ಕಿತ್ತುಬಂದಿತ್ತು. ಈ ಸಲ ಹದಿಮೂರರವರೆಗೂ ಭಾಗಿಸಿ ನೋಡಿ, ಸುಸ್ತಾಗಿ, 'ಇದು ಯಾರಪ್ಪನಿಗೂ ಬಗ್ಗಲ್ಲ' ಎಂದು ತೀರ್ಮಾನಿಸಿದ್ದಳು.

ಆಗ ಅವಳ ಕ್ಲಾಸಿನ ವೊಬ್ಬೆ ಬಂದ. ಅವನ ಕೊರಳಲ್ಲಿ ರಟ್ಟಿರಲಿಲ್ಲ. ಅಜ್ಜಿಯ ಹುಟ್ಟುಹಬ್ಬದ ಕೇಕಿನಿಂದ ಕಿತ್ತ, ಅಂಕಿಯಾಕಾರದ ಎರಡು ಮೇಣದಬತ್ತಿಗಳನ್ನು ದಾರಕ್ಕೆ ಕಟ್ಟಿಕೊಂಡಿದ್ದ. ಒಂದು ಏಳು, ಒಂದು ಮೂರು. ಮೂರಕ್ಕೆ ಇನ್ನೂ ಕ್ರೀಮ್ ಮೆತ್ತಿತ್ತು.

"ನೀನು ಮೂವತ್ತೇಳಾ?" ನಿನ್ಕೆ ನಕ್ಕಳು.

"ಅಲ್ಲ, ಎಪ್ಪತ್ಮೂರು. ಕಾಲುವೆ ಕಡೆಯಿಂದ ಗಾಳಿ ಬಂದ್ರೆ ಅದಲು ಬದಲಾಗುತ್ತೆ." ವೊಬ್ಬೆ ಬತ್ತಿಗಳನ್ನು ಸರಿಮಾಡಿಕೊಂಡ. "ನಿನ್ನ ಭಾಗಿಸಿ ನೋಡ್ಲಾ?"

"ನೋಡ್ಕೋ. ತಲೆ ಕೆಡುತ್ತೆ ಅಷ್ಟೆ."

ವೊಬ್ಬೆ ಮಂಡಿಯೂರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದ. ತಲೆ ಕೆರೆದುಕೊಂಡ. ಮೂರರ ಕ್ರೀಮ್ ನೆಕ್ಕಿದ. ಮತ್ತೆ ಬರೆದ.

"ಏನೂ ಉಳೀಲಿಲ್ಲ," ಎಂದ ಮೆಲ್ಲಗೆ. "ನೂರಾ ಮೂವತ್ತೇಳು ಸಲ ಹೋಯ್ತು."

"ಸುಳ್ಳು!" ನಿನ್ಕೆ ತಾನೇ ಗುಣಿಸಿ ನೋಡಿದಳು. ಸರಿಯಾಗಿ ಹತ್ತು ಸಾವಿರದ ಒಂದು!

"ನೂರಾ ಮೂವತ್ತೇಳಾ?" ಅವರ ಟೀಚರ್ ತ್ರಿನ್, ಕಾಫಿ ಲೋಟ ಕಟ್ಟೆಯ ಮೇಲಿಟ್ಟು ಓಡಿಬಂದರು. ಅವರ ಕೋಟಿನ ಮೇಲೆ 137 ಎಂಬ ಚೀಟಿ ಇತ್ತು. "ಅದು ನಾನೇ ಕಣೇ! ಬೆಳಗ್ಗೆಯಿಂದ ಒಬ್ರೂ ಸಿಕ್ಕಿರ್ಲಿಲ್ಲ!"

ಎಡಕ್ಕೆ ವೊಬ್ಬೆ, ಬಲಕ್ಕೆ ಟೀಚರ್ ಜೋತುಬಿದ್ದರು. ನಿನ್ಕೆ ಹಲ್ಲು ಕಚ್ಚಿ ಎಳೆದಳು.

"ನಿಲ್ಲೇ! ನನ್ನ ಒಂದು ಬೂಟು ಅಲ್ಲೇ ಉಳೀತು!" ಎಂದು ಟೀಚರ್ ಕೂಗಿದರು.

"ಶೇಷ ಒಂದು!" ಎಂದು ಮಕ್ಕಳೆಲ್ಲ ಕಿರುಚಿದರು.

ಟೀಚರ್ ಬೂಟಿಗಾಗಿ ಕುಂಟುತ್ತ ಹಿಂದಕ್ಕೆ ಹೋದರು. ಉಳಿದ ಸುತ್ತನ್ನು ನಿನ್ಕೆ ವೊಬ್ಬೆಯೊಬ್ಬನನ್ನೇ ಎಳೆದು ಮುಗಿಸಿದಳು.

"ಪ್ಯಾನ್‌ಕೇಕ್ ನಿಂಗೇ ಹೋಯ್ತು," ಎಂದಳು ಏದುಸಿರು ಬಿಡುತ್ತ. "ಎಪ್ಪತ್ಮೂರನ್ನ ಯಾರಿಗೂ ಹಿಡಿಯೋಕಾಗಲ್ಲ."

"ಹೂಂ. ಹೋದ ವರ್ಷಾನೂ ನಂಗೇ ಬಂತು. ಗೋಡೆ ಹತ್ರ ಒಬ್ನೇ ನಿಂತ್ಕೊಂಡು ತಿಂದೆ. ನೀವೆಲ್ಲ ರೈಲಿನ ಥರ ಹೋಗ್ತಾ ಇದ್ರಿ."

ನಿನ್ಕೆ ತಿರುಗಿ ನೋಡಿದಳು. ಸುತ್ತು ಮುಗಿದಿದ್ದರೂ ವೊಬ್ಬೆ ಎರಡೂ ಕೈಗಳಲ್ಲಿ ಅವಳ ಜಾಕೆಟ್ ಹಿಡಿದೇ ಇದ್ದ. ಮೂಗಿನ ತುದಿಯಲ್ಲಿ ಕ್ರೀಮ್. ಬಾಯಿ ಕಿವಿಯವರೆಗೂ ಅರಳಿತ್ತು.

ಅವಳು ಬಿಡಿಸಿಕೊಳ್ಳಲಿಲ್ಲ.

"ಗಟ್ಟಿಯಾಗಿ ಹಿಡ್ಕೋ," ಎಂದಳು. "ಇನ್ನೊಂದು ಸುತ್ತು ಹೋಗೋಣ."