ಹಬ್ಬಕ್ಕೆ ತೊಳೆದ ಬೈಕು

ದಸರೆಯ ಬೆಳಿಗ್ಗೆ ಏಳಕ್ಕೆ ಪೂರ್ವಾ ಬೈಕಿಗೆ ಮೂವತ್ತನೇ ಸಲ ಕಿಕ್ ಹೊಡೆದಳು. ಬೈಕು ಕೆಮ್ಮಲೂ ಇಲ್ಲ.

ಅದು ಟೂ-ಸ್ಟ್ರೋಕ್ ಡರ್ಟ್ ಬೈಕು. ಮಣ್ಣಿನ ದಿಬ್ಬ ಹಾರಲೆಂದೇ ಹುಟ್ಟಿದ್ದು. ಮಧ್ಯಾಹ್ನ ಬಾರಾಮತಿಯಲ್ಲಿ ರೇಸ್. ಒಯ್ಯುವ ಟೆಂಪೊ ಅರ್ಧ ಗಂಟೆಯಲ್ಲಿ ಬರುವುದಿತ್ತು.

ಕೋಥರೂಡ ಬಡಾವಣೆಯ ಆ ವಸತಿ ಸೊಸೈಟಿಯ ಪಾರ್ಕಿಂಗಿಗೆ ಮೊದಲು ಇಳಿದು ಬಂದವರು ಎರಡನೇ ಮಹಡಿಯ ರಾಘಣ್ಣ. ಮೂವತ್ತು ವರ್ಷ ವಿಮಾ ಕಂಪನಿಗಾಗಿ ಅಪಘಾತದ ಗಾಡಿ ಪರೀಕ್ಷಿಸಿ ನಿವೃತ್ತರಾದವರು. ಮಾಲೀಕರು ಹೇಳಿದ್ದನ್ನು ಬರೆದುಕೊಳ್ಳುವುದು, ಗಾಡಿ ಹೇಳಿದ್ದನ್ನು ನಂಬುವುದು ಅವರ ಪದ್ಧತಿ.

"ಯಾರೋ ಕೆಡಿಸ್ಯಾರ, ಕಾಕಾ. ರವಿವಾರ ಛಲೋ ಓಡೇದ."

"ಯಾರ ಮ್ಯಾಲೆ ಸಂಶಯ?"

"ಅಪ್ಪನ ಮ್ಯಾಲೆ."

ಜೂನಿನಲ್ಲಿ ಈ ಬೈಕಿನಿಂದ ಬಿದ್ದು ಅವಳ ಭುಜದ ಎಲುಬು ಮುರಿದಿತ್ತು. ಅಂದಿನಿಂದ ತಂದೆ ರಾಜೀವ ಮಾತು ಬಿಟ್ಟಿದ್ದರು. ಅವಳು ಮಾಡಿದ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂಬುದನ್ನೂ ಹೆಂಡತಿ ಅಂಬಾ ಮೂಲಕವೇ ತಿಳಿಸುತ್ತಿದ್ದರು.

"ಅವರs ಆಗಿದ್ರ ನಾ ಮನಿ ಬಿಡ್ತೇನಿ, ಕಾಕಾ. ವಾಕಡದಾಗ ಗೆಳತಿ ರೂಮ್ ಅದ."

* * *

ಎರಡನೇ ಶಂಕಿತ, ಸೊಸೈಟಿ ಕಾರ್ಯದರ್ಶಿ ಶಿವಪ್ರಕಾಶ, ತುಮಕೂರಿನವರು. ಬೈಕಿನ ಹೊಗೆಯ ವಿರುದ್ಧ ನಾಲ್ಕು ಅರ್ಜಿ ಬರೆದಿದ್ದರು.

"ಟ್ಯಾಂಕಿಗೆ ಏನಾದ್ರೂ ಹಾಕೀರೇನು?"

"ನಾನ್ಯಾಕೆ ಹಾಕ್ಲಿ ಸರ್? ಐದನೇ ಅರ್ಜಿ ರೆಡಿ ಇದೆ."

ರಾಘಣ್ಣ ನಂಬಿದರು. ಅರ್ಜಿ ಬರೆಯುವವನು ಕೈ ಕೊಳೆ ಮಾಡಿಕೊಳ್ಳುವುದಿಲ್ಲ.

ಪೆಟ್ರೋಲ್ ನೋಡಿದರು. ಶುದ್ಧ, ಆಯಿಲ್ ಸರಿಯಾಗಿ ಬೆರೆತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿಸಿದರು. ಪೆಟ್ರೋಲಿನಿಂದ ಒದ್ದೆ. ಒರೆಸಿ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆಸಿದರೆ ನೀಲಿ ಕಿಡಿ. ಹೊಟ್ಟೆಗೆ ಊಟವಿದೆ, ಬೆಂಕಿಯೂ ಇದೆ. ಆದರೂ ಜೀವವಿಲ್ಲ.

ಆಗ ಅವರ ಕಣ್ಣು ಬೈಕಿನ ಹೊರಮೈಗೆ ಹೊರಳಿತು. ಬೈಕಿಗೆ ಚೆಂಡು ಹೂವಿನ ಮಾಲೆ, ಅರಿಷಿಣ, ಕುಂಕುಮ. ನಿನ್ನೆ ಖಂಡೇನವಮಿಯ ಆಯುಧಪೂಜೆ. ಚೈನಿನ ಸಂದಿಯಲ್ಲೂ ಮಣ್ಣಿಲ್ಲ.

"ನೀ ತೊಳದ್ಯೇನು?"

"ಇಲ್ರಿ. ಅವ್ವ ತೊಳದಾಳ."

ಬಾಲ್ಕನಿಯಿಂದ ಅಂಬಾ ಕೂಗಿದರು: "ನಾ ಕುಂಕುಮ ಹಚ್ಚಿ ಮಾಲಿ ಹಾಕೇನಿ ಅಷ್ಟ. ನೀನs ತೊಳದಿ ಅಂದ್ಕೊಂಡಿದ್ದೆ."

ಪಕ್ಕದಲ್ಲಿ ರಾಜೀವರ ಹಳೆಯ ಸ್ಕೂಟರ್. ಅದಕ್ಕೂ ಮಾಲೆ. ಮಾಲೆಯ ಕೆಳಗೆ ದಪ್ಪ ಧೂಳು.

ರಾಘಣ್ಣ ನಕ್ಕರು. ಬೈಕಿನ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು, "ಹೊಡಿ ಕಿಕ್," ಎಂದರು. ಅಂಗೈಗೆ ಗಾಳಿ ತಾಗಲಿಲ್ಲ.

"ರಾಜೀವಾ, ಸ್ವಲ್ಪ ಕೆಳಗ ಬಾರಪಾ. ಒಂದು ತಂತಿ ತಗೊಂಡು ಬಾ."

* * *

ಕೊಕ್ಕೆ ಮಾಡಿದ ತಂತಿಗೆ ಸಿಕ್ಕಿ ಹೊರಬಂದದ್ದು ಚೌಕಳಿ ಟವೆಲಿನ ಚೂರು. ರಾಜೀವ ಅದನ್ನು ನೋಡಿ ತಲೆ ತಗ್ಗಿಸಿದರು.

"ಟೂ-ಸ್ಟ್ರೋಕ್ ಗಾಡಿ ಹೊಗಿ ಬಿಡಲಿಲ್ಲ ಅಂದ್ರ ಹೊಸಾ ಉಸಿರು ತಗೋಳೂದಿಲ್ಲ," ಎಂದರು ರಾಘಣ್ಣ. "ನೀ ಪ್ರತಿ ರವಿವಾರ ಸ್ಕೂಟರ್ ತೊಳಿಯೂ ಮುಂದ ಸೈಲೆನ್ಸರಿಗೆ ಹಿಂಗs ಅರಿವಿ ತುರುಕ್ತೀ. ನಾ ಬಾಲ್ಕನಿಯಿಂದ ನೋಡ್ತೇನಲ್ಲ. ಅಂಥಾವ ಹಬ್ಬದ ದಿನ ಸ್ವಂತ ಸ್ಕೂಟರ್ ತೊಳದಿಲ್ಲ. ಹೊತ್ತೆಲ್ಲಾ ಎಲ್ಲಿ ಹೋತು?"

ರಾಜೀವ ಬೈಕಿಗೆ ಉತ್ತರಿಸಿದರು. "ನೀರು ಒಳಗ ಹೋಗಬಾರದು ಅಂತ ತುರುಕಿದ್ದೆ. ತಗೀಲಿಕ್ಕೆ ಮರ್ತೆ."

"ಅಪ್ಪಾ, ನಿಮಗ ಈ ಗಾಡಿ ಕಂಡ್ರ ಆಗೂದಿಲ್ಲಲಾ."

"ಆಗೂದs ಇಲ್ಲ." ಜೂನಿನ ನಂತರ ಮೊದಲ ಸಲ ಮಗಳ ಮುಖ ನೋಡಿದರು. "ಆದ್ರ ನಿನ್ನ ಹೊತ್ಕೊಂಡು ಹೋಗ್ತದಲ್ಲ. ಹಬ್ಬದಾಗ ಹೊಲಸ ಇಡೂದು ಹೆಂಗ?"

ಪೂರ್ವಾ ಒಣಗಿದ ಪ್ಲಗ್ ಹಾಕಿ ಕಿಕ್ ಹೊಡೆದಳು. ಮೂರನೆಯದಕ್ಕೆ ಬೈಕು ಅರಚಿತು. ಪಾರ್ಕಿಂಗ್ ತುಂಬ ನೀಲಿ ಹೊಗೆ. ಮೇಲೆ ಶಿವಪ್ರಕಾಶರ ಕಿಟಕಿ ಧಡಾರನೆ ಮುಚ್ಚಿತು.

ಟೆಂಪೊ ಬಂತು. ಬೈಕು ಏರಿತು. ಪೂರ್ವಾ ಟವೆಲಿನ ಚೂರನ್ನು ಮಡಚಿ ಜಾಕೀಟಿನ ಒಳಜೇಬಿನಲ್ಲಿಟ್ಟಳು.

"ಅದು ನನ್ನ ಸ್ಕೂಟರಿಂದು," ಎಂದರು ರಾಜೀವ. "ಕೊಡು."

"ರೇಸ್ ಮುಗದ ಮ್ಯಾಲೆ ಕೊಡ್ತೇನ್ರಿ. ಬಾರಾಮತಿಯೊಳಗ."

ರಾಜೀವ ತಮ್ಮ ಮನೆಚಪ್ಪಲಿ ನೋಡಿಕೊಂಡರು. ಟೆಂಪೊ ನೋಡಿದರು. ಆಮೇಲೆ ಹತ್ತಿ ಕುಳಿತರು.